ಮನೆಯ ಪ್ರವೇಶದ ಜಾಗಕ್ಕೆ ಬೊಹಿಮಿಯನ್ ಶೈಲಿ: ಅಳತೆಯಿಂದ ಆರೈಕೆಯವರೆಗೆ

ಗೃಹಾಲಂಕಾರದ ಬಗ್ಗೆ ಓದುಗರು ಕೇಳುವ ಪ್ರಶ್ನೆಗಳಲ್ಲಿ ಒಂದು ಮಾತ್ರ ಬೇರೆ ಬೇರೆ ರೂಪದಲ್ಲಿ ಮರಳಿ ಮರಳಿ ಬರುತ್ತಿದೆ. ಬಾಗಿಲು ತೆರೆದೊಡನೆ ಎದುರಾಗುವ ಓಣಿಯಂಥ ಇಕ್ಕಟ್ಟಿನ ಜಾಗವನ್ನು ‘ಬೋಹೋ’, ಎಂದರೆ ಬೊಹಿಮಿಯನ್, ಶೈಲಿಯಲ್ಲಿ ಸಜ್ಜುಗೊಳಿಸುವುದು ಹೇಗೆ, ಅದಕ್ಕೆ ಏನೇನು ಕೊಳ್ಳಬೇಕು ಎಂಬುದೇ ಆ ಪ್ರಶ್ನೆ. ಅದರ ಎರಡನೆಯ ಭಾಗಕ್ಕೆ ಮೊದಲೇ ಉತ್ತರ ಹೇಳಿಬಿಡುತ್ತೇನೆ: ಕೊಳ್ಳಬೇಕಾದದ್ದು ಬಹಳ ಕಡಿಮೆ. ನಿಮ್ಮ ಮನೆಯ ಅಟ್ಟದಲ್ಲಿ, ಊರಿನ ಮನೆಯ ಪೆಟ್ಟಿಗೆಯಲ್ಲಿ ಮಡಿಸಿಟ್ಟ ಬಟ್ಟೆಗಳಲ್ಲಿ, ಬಳಕೆ ತಪ್ಪಿದ ಹಿತ್ತಾಳೆ ಪಾತ್ರೆಗಳಲ್ಲಿ ಈ ಶೈಲಿಗೆ ಬೇಕಾದ ಮುಕ್ಕಾಲು ಪಾಲು ಸಾಮಗ್ರಿ ಇದ್ದೇ ಇರುತ್ತದೆ. ಅಂಗಡಿಯಿಂದ ಒಂದೇ ಸಲಕ್ಕೆ ‘ಬೋಹೋ ಸೆಟ್’ ತಂದು ಜೋಡಿಸಿದ ಮನೆ ಅಂಗಡಿಯ ಕಿಟಕಿಯಂತೆ ಕಾಣುತ್ತದೆಯೇ ಹೊರತು ಬೊಹಿಮಿಯನ್ ಆಗುವುದಿಲ್ಲ.

ಹೆಸರಿನ ಹಿನ್ನೆಲೆ ತಿಳಿದರೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. ಬೊಹಿಮಿಯಾ ಎಂಬುದು ಇಂದಿನ ಚೆಕ್ ಗಣರಾಜ್ಯದ ಪಶ್ಚಿಮ ಭಾಗ. ಅಲೆಮಾರಿಗಳಾದ ರೋಮಾ ಜನರು ಅಲ್ಲಿಂದ ಬಂದವರೆಂದು ತಪ್ಪಾಗಿ ತಿಳಿದ ಫ್ರೆಂಚರು ಅವರನ್ನು ಆ ಹೆಸರಿನಿಂದ ಕರೆದರು. 19ನೆಯ ಶತಮಾನದಲ್ಲಿ ಪ್ಯಾರಿಸ್ಸಿನ ಬಾಡಿಗೆ ಕೋಣೆಗಳಲ್ಲಿ ಕಾಸಿಲ್ಲದೆ, ಕಟ್ಟುಪಾಡಿಲ್ಲದೆ ಬದುಕುತ್ತಿದ್ದ ಕಲಾವಿದರಿಗೂ ಅದೇ ಹೆಸರು ಅಂಟಿಕೊಂಡಿತು. ಸಿಕ್ಕ ಬಟ್ಟೆ, ಹಳೆಯ ಪೀಠೋಪಕರಣ, ಪ್ರಯಾಣದಲ್ಲಿ ಕೈಗೆ ಬಂದ ವಸ್ತುಗಳನ್ನು ಸೇರಿಸಿ ಮನೆಯನ್ನು ತುಂಬಿಕೊಳ್ಳುವ ರೀತಿಗೆ ಬೊಹಿಮಿಯನ್ ಎಂಬ ಮಾತು ಬಂದದ್ದು ಹೀಗೆ. ರೋಮಾ ಭಾಷೆಯ ಬೇರು ಭಾರತದ ಆರ್ಯ ಭಾಷೆಗಳಲ್ಲಿದೆ ಎಂಬುದು ನಿಜ. ಆದರೆ ಅಷ್ಟರಿಂದಲೇ ಅವರೂ ನಮ್ಮ ಲಂಬಾಣಿಗರೂ ಒಂದೇ ಎಂದು ಹೇಳಿಬಿಡುವುದು ಅವಸರದ ಮಾತಾಗುತ್ತದೆ.

ಈ ಲೇಖನದಲ್ಲಿ ನಾಲ್ಕು ಅಡಿ ಅಗಲ, ಏಳು ಅಡಿ ಉದ್ದದ, ಒಂದು ಬದಿ ಪೂರ್ತಿ ಗೋಡೆಯಿರುವ ಪ್ರವೇಶದ ಜಾಗವನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಬೆಂಗಳೂರು, ಹುಬ್ಬಳ್ಳಿ, ಮಂಗಳೂರಿನ ಎರಡು ಮಲಗುಕೋಣೆಗಳ ಫ್ಲಾಟುಗಳಲ್ಲಿ ಸಾಮಾನ್ಯವಾಗಿ ಸಿಗುವುದು ಇಷ್ಟೇ ಜಾಗ. ಜಗಲಿಯಿರುವ ಮನೆಯವರು ಪುಣ್ಯವಂತರು. ಅವರು ಇದೇ ಕ್ರಮವನ್ನು ಸ್ವಲ್ಪ ಧಾರಾಳವಾಗಿ ಅನುಸರಿಸಬಹುದು.

ಅಳತೆ ಟೇಪು, ಪೆನ್ಸಿಲು, ಹಳೆಯ ದಿನಪತ್ರಿಕೆ, ಕಾಗದದ ಅಂಟುಪಟ್ಟಿ, ರಸಮಟ್ಟ, ಡ್ರಿಲ್ ಯಂತ್ರ, ಅದಕ್ಕೆ ಹಾಕುವ 6 ಮಿಲಿಮೀಟರಿನ ಕೊರೆಯುವ ಮೊನೆ, ಸ್ಕ್ರೂ ಹಿಡಿಯಲೆಂದು ರಂಧ್ರದೊಳಗೆ ಕೂರಿಸುವ ಅದೇ ಅಳತೆಯ ಪ್ಲಾಸ್ಟಿಕ್ ಪ್ಲಗ್ಗು ಮತ್ತು ಅದಕ್ಕೆ ತಕ್ಕ ಸ್ಕ್ರೂಗಳು ಕೈಗೆ ಸಿಗುವಂತಿರಲಿ. ಡ್ರಿಲ್ ಯಂತ್ರವನ್ನು ಇದಕ್ಕಾಗಿ ಕೊಳ್ಳಬೇಕಾಗಿಲ್ಲ. ಬಡಾವಣೆಯ ಎಲೆಕ್ಟ್ರಿಷಿಯನ್ನನ್ನು ಒಂದು ಗಂಟೆ ಕರೆಸಿದರೆ ಸಾಕು.

1. ಮೊದಲು ಖಾಲಿ ಮಾಡಿ, ಆಮೇಲೆ ಅಳೆಯಿರಿ

ಪ್ರವೇಶದ ಜಾಗದಲ್ಲಿರುವ ಎಲ್ಲವನ್ನೂ, ಗೋಡೆಯ ಕ್ಯಾಲೆಂಡರನ್ನೂ ಸೇರಿಸಿ, ಒಂದು ದಿನದ ಮಟ್ಟಿಗೆ ಹೊರಗಿಡಿ. ಬಳಿಕ ಮೂರು ಅಳತೆಗಳನ್ನು ಬರೆದುಕೊಳ್ಳಿ. ಮೊದಲನೆಯದು ಗೋಡೆಯಿಂದ ಗೋಡೆಗಿರುವ ಅಗಲ. ಎರಡನೆಯದು ಬಾಗಿಲು ಒಳಕ್ಕೆ ತೆರೆದಾಗ ನೆಲದ ಮೇಲೆ ಅದು ಸುತ್ತುವ ಕಮಾನಿನ ವ್ಯಾಪ್ತಿ. ಮೂರನೆಯದನ್ನು ಬಹುಮಂದಿ ಮರೆಯುತ್ತಾರೆ: ಬಾಗಿಲಿನ ಕೆಳ ಅಂಚಿಗೂ ನೆಲಕ್ಕೂ ನಡುವೆ ಇರುವ ಸಂದು. ದಪ್ಪನೆಯ ನಾರಿನ ಕಾಲೊರಸು ತಂದು ಹಾಸಿದ ಮೇಲೆ ಬಾಗಿಲು ಅದಕ್ಕೆ ಸಿಕ್ಕಿಕೊಳ್ಳುತ್ತದೆ ಎಂದು ಬರೆಯುವವರು ಈ ಒಂದು ಅಳತೆಯನ್ನು ತೆಗೆದುಕೊಂಡಿರುವುದಿಲ್ಲ.

ನಡೆದಾಡಲು ಕನಿಷ್ಠ ಮೂರು ಅಡಿ ಅಗಲ ಬಿಡಲೇಬೇಕು. ಗ್ಯಾಸ್ ಸಿಲಿಂಡರು, ಅಕ್ಕಿ ಮೂಟೆ, ಗಾಲಿಕುರ್ಚಿ, ಎಲ್ಲವೂ ಅಲ್ಲಿಂದಲೇ ಒಳಬರಬೇಕು. ನಾಲ್ಕು ಅಡಿಯ ಜಾಗದಲ್ಲಿ ಮೂರು ಅಡಿ ಬಿಟ್ಟರೆ ಉಳಿಯುವುದು ಹನ್ನೆರಡು ಇಂಚು. ಮುಂದಿನ ಎಲ್ಲ ಹಂತಗಳೂ ಈ ಹನ್ನೆರಡು ಇಂಚಿನೊಳಗೇ ನಡೆಯಬೇಕು ಎಂಬುದನ್ನು ನೆನಪಿಡಿ.

2. ಬಣ್ಣಕ್ಕಾಗಿ ಒಂದು ಬಟ್ಟೆಯನ್ನು ಆರಿಸಿ

ಬೊಹಿಮಿಯನ್ ಶೈಲಿಯೆಂದರೆ ಕಂಡ ಬಣ್ಣವನ್ನೆಲ್ಲ ತುಂಬುವುದು ಎಂಬ ತಪ್ಪು ತಿಳಿವಳಿಕೆಯಿಂದಲೇ ಹೆಚ್ಚಿನ ಮನೆಗಳು ಹಾಳಾಗುತ್ತವೆ. ಇಲ್ಲಿ ವಸ್ತುಗಳು ಒಂದಕ್ಕೊಂದು ಜೋಡಿಯಲ್ಲ ಎನ್ನುವುದು ನಿಜ. ಆದರೆ ಬಣ್ಣದಲ್ಲಿ ಅವುಗಳ ನಡುವೆ ನೆಂಟಸ್ತಿಕೆ ಇರಬೇಕು. ಅದಕ್ಕೆ ನಾನು ಹೇಳುವ ಉಪಾಯ ಸರಳವಾದದ್ದು. ನಿಮಗೆ ತುಂಬ ಇಷ್ಟವಾದ ಒಂದೇ ಒಂದು ಬಟ್ಟೆಯನ್ನು ಆರಿಸಿಕೊಂಡು, ಅದರಲ್ಲಿರುವ ಬಣ್ಣಗಳಿಂದ ಮೂರನ್ನು ಮಾತ್ರ ತೆಗೆದುಕೊಳ್ಳಿ. ಉಳಿದದ್ದೆಲ್ಲ ಮಣ್ಣು, ಮರ, ಬೆತ್ತ, ನೂಲುಗಳ ಸಹಜ ಬಣ್ಣದಲ್ಲಿರಲಿ.

ಆ ಬಟ್ಟೆ ಯಾವುದು? ಕರ್ನಾಟಕದಲ್ಲಿ ಆಯ್ಕೆಗೆ ಬರವಿಲ್ಲ. ಸಂಡೂರಿನ ಲಂಬಾಣಿ ಕಸೂತಿಯಲ್ಲಿ ಕನ್ನಡಿ ಬಿಲ್ಲೆ, ಕವಡೆಗಳ ಜೊತೆಗೆ ಗಾಢವಾದ ಕೆಂಪು, ನೀಲಿ ನೆಲೆಯ ಮೇಲೆ ಹೊಲಿಗೆಗಳು ಒತ್ತೊತ್ತಾಗಿರುತ್ತವೆ. ಆದ್ದರಿಂದ ಅದು ಚಿಕ್ಕದಾಗಿದ್ದರೂ ಇಡೀ ಗೋಡೆಯನ್ನು ಆಳುತ್ತದೆ. ಗುಳೇದಗುಡ್ಡದ ಖಣದ ತುಣುಕನ್ನು ಚೌಕಟ್ಟು ಹಾಕಿಸಿ ತೂಗುಹಾಕಿದರೆ ಚಿತ್ರಕ್ಕಿಂತ ಚೆನ್ನಾಗಿ ಕಾಣುತ್ತದೆ. ಹರಿದ ಇಳಕಲ್ ಸೀರೆಯಲ್ಲಿ ಟೋಪಿ ತೆನೆಯ ಸೆರಗು ಮಾತ್ರ ಗಟ್ಟಿಯಾಗಿ ಉಳಿದಿದ್ದರೆ ಅದು ಬಾಗಿಲಿನ ಮೇಲ್ಭಾಗದ ಪರದೆಯಾಗಬಹುದು. ಧಾರವಾಡ ಸೀಮೆಯ ಕಸೂತಿ ಇರುವ ಹಳೆಯ ಸೀರೆ ಮನೆಯಲ್ಲಿದ್ದರೆ ಮಾತ್ರ ದಯವಿಟ್ಟು ಅದನ್ನು ಕತ್ತರಿಸಬೇಡಿ. ಗವಂತಿ, ಮುರ್ಗಿ, ನೇಗಿ, ಮೆಂತೆ ಎಂಬ ನಾಲ್ಕು ಬಗೆಯ ಹೊಲಿಗೆಗಳಲ್ಲಿ ಎಳೆ ಎಣಿಸಿ ಮಾಡುವ ಆ ಕೆಲಸವನ್ನು ಮಡಿಸಿದ ಸ್ಥಿತಿಯಲ್ಲಿಯೇ ಬಡುವಿನ, ಎಂದರೆ ವಸ್ತುಗಳನ್ನಿಡುವ ಹಲಗೆಯ, ಮೇಲೆ ತೋರಿಸಬಹುದು.

ಮತ್ತೊಂದು ಆಯ್ಕೆ ಕೌದಿ. ಹಳೆಯ ಸೀರೆಗಳನ್ನು ಪದರ ಪದರವಾಗಿ ಜೋಡಿಸಿ ಸಣ್ಣ ಓಟು ಹೊಲಿಗೆಯಲ್ಲಿ ಬಿಗಿಯುವ ಈ ಹೊದಿಕೆ ಉತ್ತರ ಕರ್ನಾಟಕದ ಮನೆಮನೆಯದು. ಉತ್ತರ ಕನ್ನಡದ ಸಿದ್ದಿ ಮಹಿಳೆಯರು ಹೊಲಿಯುವ ಕೌದಿಗಳಲ್ಲಿ ತುಂಡುಗಳು ಇನ್ನೂ ಸ್ವಚ್ಛಂದವಾಗಿ ಕೂಡಿಕೊಳ್ಳುತ್ತವೆ. ನಾಲ್ಕು ಮೂಲೆಗಳಲ್ಲಿ ಮಡಿಸಿ ಹೊಲಿದ ಪುಟ್ಟ ತ್ರಿಕೋನಗಳನ್ನು ಅವರು ಹೂವೆಂದು ಕರೆಯುತ್ತಾರೆ, ಅವಿಲ್ಲದ ಕೌದಿ ಪೂರ್ಣವಾಗುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಪ್ರವೇಶದ ಗೋಡೆಗೆ ಇದಕ್ಕಿಂತ ಯೋಗ್ಯವಾದ ಬಟ್ಟೆ ಇನ್ನೊಂದಿಲ್ಲ.

ಎಚ್ಚರಿಕೆ: ಕಸೂತಿಯನ್ನು ಕೊಳ್ಳುವಾಗ ಬಟ್ಟೆಯ ಹಿಂಬದಿಯನ್ನು ತಿರುಗಿಸಿ ನೋಡಿ. ಕಸೂತಿಯಂತೆ ಕಾಣುವ ಛಾಪಿತ ಬಟ್ಟೆಯ ಹಿಂಬದಿಯಲ್ಲಿ ಎಳೆಯೇ ಇರುವುದಿಲ್ಲ. ಪ್ಲಾಸ್ಟಿಕ್ ಕನ್ನಡಿಯಾದರೆ ಹೊಲಿಗೆಯ ಬದಲು ಅಂಟು ಕಾಣುತ್ತದೆ.

3. ಗೋಡೆಯ ಕೆಲಸ

ಬಣ್ಣ ಬಳಿಯುವುದು, ರಂಧ್ರ ಕೊರೆಯುವುದು, ವೈರಿಂಗ್, ಈ ಮೂರನ್ನೂ ಬಟ್ಟೆ, ಗಿಡ ತರುವ ಮೊದಲೇ ಮುಗಿಸಬೇಕು. ಸ್ವಂತ ಮನೆಯಾದರೆ ಉದ್ದನೆಯ ಗೋಡೆಗೆ ಸುಣ್ಣದ ಬಿಳಿ ಅಥವಾ ಕೆನೆ ಬಣ್ಣ ಹಾಕಿಸಿ, ಬಾಗಿಲಿನ ಎದುರು ಕಾಣುವ ಚಿಕ್ಕ ಗೋಡೆಯೊಂದನ್ನು ಮಾತ್ರ ಕೆಮ್ಮಣ್ಣಿನ ಬಣ್ಣಕ್ಕೆ ಬಿಡಿ. ಎಲ್ಲ ಗೋಡೆಗಳಿಗೂ ಗಾಢ ಬಣ್ಣ ಬಳಿದರೆ ಕಿಟಕಿಯಿಲ್ಲದ ಇಕ್ಕಟ್ಟಿನ ಜಾಗ ಗವಿಯಾಗುತ್ತದೆ.

ಕೆಮ್ಮಣ್ಣಿನ ಗೋಡೆಯನ್ನು ಆರಿಸಿಕೊಂಡವರಿಗೆ ಹಸೆ ಚಿತ್ತಾರ ಒಳ್ಳೆಯ ಸಂಗಾತಿ. ಸಾಗರದ ಸುತ್ತಲಿನ ಮಲೆನಾಡಿನಲ್ಲಿ ದೀವರ ಸಮುದಾಯದ ಮಹಿಳೆಯರು ಕೆಂಪು ಗೋಡೆಯ ಮೇಲೆ ಅಕ್ಕಿಯ ಬಿಳಿಯಲ್ಲಿ, ಪುಂಡಿ ನಾರಿನ ಕುಂಚದಿಂದ ನೇರ ಗೆರೆಗಳಲ್ಲಿ ಬರೆಯುವ ಚಿತ್ರಗಳಿವು. ಕಪ್ಪಿಗೆ ಸುಟ್ಟ ಅಕ್ಕಿ, ಹಳದಿಗೆ ಗುರಿಗೆ ಕಾಯಿ ಬಳಸುವುದು ಅವರ ಪದ್ಧತಿ. ಅಕ್ಕಿಯ ಬಣ್ಣ ಫ್ಲಾಟಿನ ನುಣುಪು ಗೋಡೆಗೆ ಹಿಡಿಯುವುದು ಕಷ್ಟವಾದ್ದರಿಂದ ಬಿಳಿ ಅಕ್ರಿಲಿಕ್ ಬಣ್ಣವನ್ನು, ಎಂದರೆ ನೀರಿನಲ್ಲಿ ಕಲಸಿ ಬಳಿದು ಒಣಗಿದ ಮೇಲೆ ನೀರಿಗೆ ಕರಗದ ಬಣ್ಣವನ್ನು, ಉಪಯೋಗಿಸಬಹುದು. ಸಾಧ್ಯವಾದರೆ ಆ ಕಲೆಯನ್ನು ಬಲ್ಲವರಿಂದಲೇ ಬರೆಸಿ, ಅವರ ಶ್ರಮಕ್ಕೆ ತಕ್ಕ ಹಣ ಕೊಡಿ. ಪ್ಲಾಸ್ಟಿಕ್ ಸ್ಟಿಕರ್ ಅಂಟಿಸುವುದಕ್ಕಿಂತ ಗೋಡೆಯನ್ನು ಖಾಲಿ ಬಿಡುವುದು ಮೇಲು.

ತೂಗುಹಾಕುವ ಮೊದಲು ಪ್ರತಿಯೊಂದು ವಸ್ತುವಿನ ಗಾತ್ರಕ್ಕೆ ದಿನಪತ್ರಿಕೆಯನ್ನು ಕತ್ತರಿಸಿ, ಅಂಟುಪಟ್ಟಿಯಿಂದ ಗೋಡೆಗೆ ಹಚ್ಚಿ, ಎರಡು ದಿನ ಹಾಗೆಯೇ ಬಿಟ್ಟು ನೋಡಿ. ಕಾಗದವನ್ನು ಸರಿಸುವುದು ಸುಲಭ, ರಂಧ್ರವನ್ನು ಸರಿಸಲಾಗುವುದಿಲ್ಲ. ಕೌದಿ ಭಾರವಿರುವುದರಿಂದ ಅದನ್ನು ಮೊಳೆಗೆ ಚುಚ್ಚಬಾರದು. ಅದರ ಹಿಂಬದಿಯ ಮೇಲಂಚಿಗೆ ಲಂಗಕ್ಕೆ ಲಾಡಿ ತೂರಿಸಲು ಹೊಲಿಯುವಂಥ ಬಟ್ಟೆಯ ಪಟ್ಟಿಯನ್ನು ಹೊಲಿದು, ಅದರೊಳಗೆ ಪರದೆಯ ಕೋಲನ್ನು ತೂರಿಸಿ, ಕೋಲಿನ ಎರಡೂ ತುದಿಗೆ ಆಧಾರ ಕೊಡಬೇಕು.

ಕೊರೆಯುವಾಗ ಎರಡು ಅಪಾಯಗಳಿವೆ. ಸ್ವಿಚ್‌ಬೋರ್ಡಿನ ನೇರ ಮೇಲೆ ಮತ್ತು ಕೆಳಗೆ ಗೋಡೆಯೊಳಗೆ ವೈರಿನ ಕೊಳವೆ ಇರುವ ಸಂಭವ ಹೆಚ್ಚು. ಆ ಗೆರೆಯಲ್ಲಿ ಎಂದಿಗೂ ಕೊರೆಯಬೇಡಿ. ಇನ್ನೊಂದು, ಹೊಸ ಕಟ್ಟಡಗಳಲ್ಲಿ ಬಳಸುವ ಹಗುರವಾದ ಬ್ಲಾಕ್‌ಗಳಲ್ಲಿ ಸಾಮಾನ್ಯ ಪ್ಲಗ್ಗು ಸಡಿಲವಾಗಿ ಕಳಚಿಬರುತ್ತದೆ. ಕೊರೆದಾಗ ಉದುರುವ ಪುಡಿ ಬೂದುಬಿಳಿಯಾಗಿ, ಹಿಟ್ಟಿನಂತೆ ಮೆತ್ತಗಿದ್ದರೆ ಅಂಥ ಬ್ಲಾಕಿಗೆಂದೇ ಮಾಡಿದ ಪ್ಲಗ್ಗನ್ನು ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿ ತನ್ನಿ. ಬಾಡಿಗೆ ಮನೆಯವರು ಅಂಟುವ ಕೊಕ್ಕೆಗಳನ್ನು ನೆಚ್ಚಿಕೊಳ್ಳುತ್ತಾರೆ. ಡಿಸ್ಟೆಂಪರ್ ಬಳಿದ ಗೋಡೆಯಲ್ಲಿ ಅವು ಬಣ್ಣದ ಸಮೇತ ಕಿತ್ತುಬರುತ್ತವೆ ಮತ್ತು ಆ ಖರ್ಚು ಮುಂಗಡದ ಹಣದಲ್ಲಿ ಕಳೆಯುತ್ತದೆ. ಅವರಿಗೆ ಗೋಡೆಗೆ ಒರಗಿಸಿ ನಿಲ್ಲಿಸುವ ಬಿದಿರಿನ ಏಣಿಯೇ ಸೂಕ್ತ. ಏಣಿಯ ಮೆಟ್ಟಿಲುಗಳ ಮೇಲೆ ಬಟ್ಟೆಗಳನ್ನು ಇಳಿಬಿಡಬಹುದು, ಕಾಲುಗಳಿಗೆ ರಬ್ಬರಿನ ಟೋಪಿ ತೊಡಿಸಿದರೆ ಜಾರುವುದಿಲ್ಲ. ಚಿಕ್ಕ ಮಕ್ಕಳಿರುವ ಮನೆಯಾದರೆ ಏಣಿಯನ್ನು ಕಟ್ಟಿ ನಿಲ್ಲಿಸಲು ಅವಕಾಶವಿಲ್ಲದಿದ್ದಾಗ ಅದನ್ನು ಕೈಬಿಡಿ.

ಮ್ಯಾಕ್ರಮೆಯ ಬಗ್ಗೆ ಒಂದು ಮಾತು. ಸೂಜಿಯಾಗಲಿ ಮಗ್ಗವಾಗಲಿ ಇಲ್ಲದೆ, ದಪ್ಪ ಹತ್ತಿಯ ಹುರಿಯನ್ನು ಗಂಟು ಹಾಕುತ್ತಲೇ ಮಾಡುವ ಹೆಣಿಗೆಗೆ ಈ ಹೆಸರು. ಅದನ್ನು ನೀವೇ ಮಾಡಬಹುದು. ಎರಡಡಿ ಉದ್ದದ ತೂಗುಪಟಕ್ಕೆ ಒತ್ತಾದ ಗಂಟುಗಳು ಬೇಕಾದರೆ, ನಡುವೆ ಮಡಿಸಿ ಕೋಲಿಗೆ ಸಿಕ್ಕಿಸುವ ಪ್ರತಿ ಹುರಿಯನ್ನೂ ಸುಮಾರು ಹದಿನಾರು ಅಡಿ ಕತ್ತರಿಸಿಕೊಳ್ಳಬೇಕು. ಮೊದಲ ಸಲ ಮಾಡುವವರೆಲ್ಲ ಹುರಿಯನ್ನು ಗಿಡ್ಡವಾಗಿ ಕತ್ತರಿಸಿ ಅರ್ಧದಲ್ಲಿ ನಿಲ್ಲುತ್ತಾರೆ.

4. ನೆಲ ಮತ್ತು ಹೊಸ್ತಿಲು

ಹೊಸ್ತಿಲಿನ ಮೇಲೆ ಏನನ್ನೂ ಇಡಬೇಡಿ, ಅದರ ಎದುರಿನ ಒಂದಡಿ ನೆಲವನ್ನೂ ರಂಗೋಲಿಗೆ ಬಿಡಿ. ಕೆಂಪು, ಹಳದಿ ಪಟ್ಟೆಯ ಹೊಸ್ತಿಲು, ಬಿಳಿ ರಂಗೋಲಿ, ಮೇಲೆ ಮಾವಿನ ತೋರಣ ಇವು ಈ ಶೈಲಿಗೆ ಅಡ್ಡಿಯಲ್ಲ, ಅದರ ಆರಂಭ. ಪ್ಲಾಸ್ಟಿಕ್ ತೋರಣ ಮಾತ್ರ ಪಕ್ಕದಲ್ಲಿರುವ ಕೈಮಗ್ಗದ ಬಟ್ಟೆಯನ್ನೂ ಪ್ಲಾಸ್ಟಿಕ್ಕಿನಂತೆ ತೋರಿಸುತ್ತದೆ.

ಹೊರಗೆ ತೆಂಗಿನ ನಾರಿನ ಕಾಲೊರಸು, ಒಳಗೆ ಹತ್ತಿಯ ಜಮಖಾನ, ಹೀಗೆ ಎರಡು ಹಾಸುಗಳು ಸಾಕು. ನವಲಗುಂದದಲ್ಲಿ ಮಹಿಳೆಯರು ನಿಲುಮಗ್ಗದಲ್ಲಿ ನೇಯುವ ಜಮಖಾನಗಳು ನವಿಲು, ಪಗಡೆ ಹಾಸಿನ ವಿನ್ಯಾಸಗಳಿಗೆ ಹೆಸರಾಗಿವೆ. ಅವು ತೆಳುವಾಗಿರುವುದರಿಂದ ಬಾಗಿಲಿಗೆ ಸಿಕ್ಕಿಕೊಳ್ಳುವುದಿಲ್ಲ, ಒಗೆಯುವುದೂ ಸುಲಭ. ಆದರೆ ನುಣುಪಾದ ಟೈಲ್ಸ್ ಮೇಲೆ ಯಾವ ಜಮಖಾನವಾದರೂ ಜಾರುತ್ತದೆ. ಅದರಡಿಗೆ ರಬ್ಬರಿನ ಜಾಳಿಗೆಯನ್ನು ಹಾಸದೆ ಬಿಟ್ಟರೆ ಮನೆಯ ಹಿರಿಯರು ಬೀಳುವುದು ಖಂಡಿತ. ಕರಾವಳಿಯವರು ಸೆಣಬಿನ ಹಾಸನ್ನು ಆರಿಸಬೇಡಿ. ಜೂನ್ ತಿಂಗಳಿನಿಂದ ಸೆಪ್ಟೆಂಬರಿನವರೆಗಿನ ಥಂಡಿಗೆ ಅದು ಬೂಸ್ಟು ಹಿಡಿದು ವಾಸನೆ ಬರುತ್ತದೆ.

5. ಚಪ್ಪಲಿ, ಬೀಗದ ಕೈ, ಛತ್ರಿ

ನಿಜ ಹೇಳಬೇಕೆಂದರೆ ಅಲಂಕಾರವನ್ನು ಸೋಲಿಸುವುದು ಚಪ್ಪಲಿಗಳು. ನಾಲ್ಕು ಜನರ ಮನೆಯಲ್ಲಿ ದಿನಬಳಕೆಯದೇ ಎಂಟು ಜೋಡಿ ಇರುತ್ತವೆ. ಅವಕ್ಕೆ ಮುಚ್ಚಿದ ಜಾಗ ಕೊಡದೆ ಕೌದಿ ತೂಗುಹಾಕಿ ಪ್ರಯೋಜನವಿಲ್ಲ. ನಮ್ಮ ಉದಾಹರಣೆಯ ಹನ್ನೆರಡು ಇಂಚಿನಲ್ಲಿ ಹಿಡಿಯುವುದು ಬಾಗಿಲು ಮುಂದಕ್ಕೆ ವಾಲಿ ತೆರೆಯುವ, ಒಳಗೆ ಚಪ್ಪಲಿಗಳು ಓರೆಯಾಗಿ ನಿಲ್ಲುವ ತೆಳುವಾದ ಕಪಾಟು. ಅದರ ಬಾಗಿಲಿಗೆ ಬೆತ್ತದ ಜಾಲರಿ ಹಾಕಿಸಿ ಎಂದು ಬಡಗಿಗೆ ಹೇಳಿ. ನೋಟಕ್ಕೂ ಒಪ್ಪುತ್ತದೆ, ಗಾಳಿಯಾಡುವುದರಿಂದ ಒದ್ದೆ ಚಪ್ಪಲಿಯ ವಾಸನೆಯೂ ನಿಲ್ಲುವುದಿಲ್ಲ.

ಕಪಾಟಿನ ಮೇಲ್ಮೈಯೇ ನಿಮ್ಮ ಬಡು. ಅಲ್ಲಿ ಮೂರು ವಸ್ತುಗಳಿಗಿಂತ ಹೆಚ್ಚು ಬೇಡ: ಬೀಗದ ಕೈಗಳಿಗೆ ಒಂದು ಹಿತ್ತಾಳೆ ತಟ್ಟೆ, ಪತ್ರ ಮತ್ತು ಬಿಲ್ಲುಗಳಿಗೆ ಒಂದು ಬುಟ್ಟಿ, ಕಣ್ಣಿಗೆ ಹಬ್ಬವಾಗುವಂಥ ಇನ್ನೊಂದು ನಿಮ್ಮ ಇಷ್ಟದ್ದು. ಚನ್ನಪಟ್ಟಣದ ಅರಗಿನ ಬಣ್ಣದ ಬೊಂಬೆಯಾಗಬಹುದು, ತಾತನ ಕಾಲದ ಚೊಂಬಾಗಬಹುದು. ಹಿತ್ತಾಳೆಯನ್ನು ಪ್ರತಿ ವಾರ ಹುಣಸೆಹಣ್ಣು ಹಾಕಿ ತಿಕ್ಕಬೇಕಾಗಿಲ್ಲ. ಮಾಸಿದ ಹೊಳಪು ಈ ಶೈಲಿಯಲ್ಲಿ ಗುಣವೇ, ಹಸಿರು ಕಿಲುಬು ಮಾತ್ರ ಕೂಡದು. ಛತ್ರಿಗಳಿಗೆ ಮೇದಾರರ ಎತ್ತರದ ಬಿದಿರು ಬುಟ್ಟಿ ಚೆನ್ನ, ಆದರೆ ತಳದಲ್ಲಿ ಒಂದು ಮಣ್ಣಿನ ತಟ್ಟೆ ಇಡಿ. ಕೊಳ್ಳುವ ಮುನ್ನ ಬುಟ್ಟಿಯನ್ನು ನೆಲಕ್ಕೆ ಕುಟ್ಟಿ ನೋಡಿ. ಹಿಟ್ಟಿನಂಥ ಪುಡಿ ಉದುರಿದರೆ ಅದಕ್ಕೆ ಕುಟ್ಟೆ ಹುಳು ಹಿಡಿದಿದೆ, ಅದು ಮನೆಯ ಉಳಿದ ಮರಕ್ಕೂ ಹರಡಬಹುದು.

ಹೂದಾನಿಯಲ್ಲಿಡಲು ಪ್ಯಾಂಪಸ್ ಹುಲ್ಲು ಎಲ್ಲಿ ಸಿಗುತ್ತದೆ ಎಂದು ಅನೇಕರು ಕೇಳುತ್ತಾರೆ. ದಕ್ಷಿಣ ಅಮೆರಿಕದ ಆ ಹುಲ್ಲಿನ ನಯವಾದ ತೆನೆಗೆ ಹೋಲುವಂಥದ್ದು ನಮ್ಮಲ್ಲೇ ಇದೆ, ಅದು ಪೊರಕೆ ಹುಲ್ಲು. ಪೊರಕೆಯನ್ನು ಬಾಗಿಲ ಎದುರಿಗೇ ಇಟ್ಟಿದ್ದೀರಿ ಎಂದು ಮನೆಯ ಹಿರಿಯರು ಆಕ್ಷೇಪಿಸಿದರೆ ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. ಅಂಥವರು ಒಣಗಿದ ಅಡಿಕೆ ಹಿಂಗಾರವನ್ನು ಬಳಸಿ.

6. ಬೆಳಕು ಮತ್ತು ಕನ್ನಡಿ

ಬಲ್ಬಿನ ಪೆಟ್ಟಿಗೆಯ ಮೇಲೆ ಕೆಲ್ವಿನ್ ಎಂಬ ಅಳತೆ ಇರುತ್ತದೆ. ಅದು ಬೆಳಕಿನ ಬಣ್ಣವನ್ನು ಸೂಚಿಸುತ್ತದೆ. ಸಂಖ್ಯೆ ಕಡಿಮೆಯಾದಷ್ಟೂ ಬೆಳಕು ದೀಪದ ಹಳದಿಗೆ, ಹೆಚ್ಚಿದಷ್ಟೂ ಟ್ಯೂಬ್‌ಲೈಟಿನ ನೀಲಿಬಿಳುಪಿಗೆ ಹತ್ತಿರವಾಗುತ್ತದೆ. ಇಲ್ಲಿ 2700ರಿಂದ 3000 ಕೆಲ್ವಿನ್ ಇರಲಿ. 6500 ಕೆಲ್ವಿನ್ನಿನ ಬಲ್ಬಿನಡಿ ಮಣ್ಣಿನ ಬಣ್ಣಗಳೆಲ್ಲ ಕಳೆಗುಂದುತ್ತವೆ. ಬೆತ್ತದ ಅಥವಾ ಬಿದಿರಿನ ದೀಪದ ಬುಟ್ಟಿಯೊಳಗೆ ಎಲ್‌ಇಡಿ ಬಲ್ಬನ್ನೇ ಹಾಕಬೇಕು, ಏಕೆಂದರೆ ಹಳೆಯ ತಂತಿಯ ಬಲ್ಬಿನ ಕಾವಿಗೆ ಒಣ ಬೆತ್ತ ಹೊತ್ತಿಕೊಳ್ಳಬಹುದು. ದೀಪದ ತಳ ನೆಲದಿಂದ ಏಳಡಿಗಿಂತ ಕೆಳಗೆ ಬಾರದಿರಲಿ.

ಕನ್ನಡಿಯ ನಡುಭಾಗ ನೆಲದಿಂದ ಸುಮಾರು ಐದಡಿ ಎತ್ತರಕ್ಕಿರಬೇಕು. ವಾಸ್ತುವಿನ ಮಾತು ಒತ್ತಟ್ಟಿಗಿರಲಿ, ಬಾಗಿಲಿನ ನೇರ ಎದುರು ಕನ್ನಡಿ ಹಾಕಿದರೆ ಬಾಗಿಲು ತೆರೆದಾಗಲೆಲ್ಲ ಹಾದುಹೋಗುವವರಿಗೆ ಮನೆಯೊಳಗಿನದು ಕಾಣುತ್ತದೆ. ಪಕ್ಕದ ಗೋಡೆಯೇ ಸರಿ.

7. ಗಿಡಗಳು

ನೇರ ಬಿಸಿಲು ಬಾರದ ಜಾಗದಲ್ಲಿ ಬದುಕುವ ಗಿಡಗಳು ಕೆಲವೇ: ಹಾವಿನಂತೆ ಪಟ್ಟೆಯಿರುವ ಸ್ನೇಕ್ ಪ್ಲಾಂಟ್, ಜೀ ಜೀ ಪ್ಲಾಂಟ್, ಮನಿ ಪ್ಲಾಂಟ್. ಕಿಟಕಿಯ ಬೆಳಕು ಸಿಕ್ಕುವಂತಿದ್ದರೆ ಜರಿಗಿಡವೂ ಬರುತ್ತದೆ. ಇವುಗಳನ್ನು ಕೊಲ್ಲುವುದು ಕತ್ತಲೆಯಲ್ಲ, ಅತಿಯಾದ ನೀರು. ಮೊದಲ ಎರಡಕ್ಕೆ ಮಣ್ಣು ಪೂರ್ತಿ ಒಣಗಿದ ಮೇಲಷ್ಟೇ ನೀರು ಹಾಕಿ. ಮನಿ ಪ್ಲಾಂಟಿನ ಎಲೆಯನ್ನು ಜಗಿದರೆ ಬಾಯಿ, ಗಂಟಲು ಉರಿಯುತ್ತದೆ, ಆದ್ದರಿಂದ ತೆವಳುವ ಮಕ್ಕಳು, ಸಾಕುಪ್ರಾಣಿಗಳಿರುವಲ್ಲಿ ಅದನ್ನು ಎತ್ತರದಲ್ಲಿ ತೂಗುಬಿಡಬೇಕು. ಕುಂಡದಡಿಯ ತಟ್ಟೆಯ ನೀರನ್ನು ವಾರಕ್ಕೊಮ್ಮೆಯಾದರೂ ಚೆಲ್ಲಿ ತಿಕ್ಕದಿದ್ದರೆ ಡೆಂಗಿ ಹರಡುವ ಸೊಳ್ಳೆ ಅಲ್ಲಿಯೇ ಮೊಟ್ಟೆಯಿಡುತ್ತದೆ. ಹೂವಿಟ್ಟ ಉರುಳಿಯ (ಅಗಲ ಬಾಯಿಯ ಪಾತ್ರೆಯ) ನೀರನ್ನು ದಿನವೂ ಬದಲಿಸಿ.

8. ಬಾಗಿಲಿನ ಹೊರಗೆ

ಅಪಾರ್ಟ್‌ಮೆಂಟಿನ ಹೊರ ಓಣಿ ನಿಮ್ಮದಲ್ಲ, ಎಲ್ಲರದು. ಬೆಂಕಿ ಬಿದ್ದಾಗ ಹೊಗೆಯಲ್ಲಿ ತಡಕಾಡುತ್ತ ಓಡುವ ದಾರಿ ಅದು. ಅಲ್ಲಿ ಕುಂಡಗಳ ಸಾಲು, ಚಪ್ಪಲಿ ಕಪಾಟು, ಬೆಂಚು ಇಡಬೇಡಿ. ಅಗ್ನಿಶಾಮಕ ಕೊಳವೆಯ ಪೆಟ್ಟಿಗೆ ಮತ್ತು ವಿದ್ಯುತ್ ಮೀಟರಿನ ಬಾಗಿಲುಗಳ ಮುಂದೆ ಬಟ್ಟೆ ತೂಗಿಸಬೇಡಿ. ತೋರಣ, ಗೋಡೆಗೆ ಬಿಗಿದ ಮಣ್ಣಿನ ಹೆಸರುಫಲಕ, ಕಾಲೊರಸು, ಇಷ್ಟೇ ಸಾಕು.

9. ಒಂದು ವಾರ ಬಳಸಿ, ಮೂರು ವಸ್ತು ತೆಗೆಯಿರಿ

ಎಲ್ಲ ಜೋಡಿಸಿದ ಮೇಲೆ ಒಂದು ವಾರ ಎಂದಿನಂತೆ ಓಡಾಡಿ. ಮೊಣಕೈಗೆ ತಗಲುವುದು ಯಾವುದು, ಗುಡಿಸುವಾಗ ಎತ್ತಬೇಕಾಗುವುದು ಯಾವುದು, ಯಾರೂ ಬಳಸದೆ ಉಳಿದ ಬುಟ್ಟಿ ಯಾವುದು ಎಂಬುದು ತಾನಾಗಿಯೇ ಗೊತ್ತಾಗುತ್ತದೆ. ಅಂಥ ಮೂರನ್ನು ನಿರ್ದಾಕ್ಷಿಣ್ಯವಾಗಿ ತೆಗೆಯಿರಿ. ತೆಗೆದ ಜಾಗದಲ್ಲಿ ಬೇರೆಯದನ್ನು ತುಂಬಬೇಡಿ. ಮುಂದೆ ಎಂದಾದರೂ ಜಾತ್ರೆಯಲ್ಲೋ ಪ್ರಯಾಣದಲ್ಲೋ ಮನಸ್ಸಿಗೆ ಹಿಡಿಸಿದ ವಸ್ತು ಸಿಕ್ಕಾಗ ಅದಕ್ಕೂ ಇಲ್ಲಿ ಸ್ಥಳ ಬೇಕಲ್ಲ.

ಆರೈಕೆ

ತೂಗುಹಾಕಿದ ಬಟ್ಟೆಗಳಿಗೆ ಧೂಳು ಬೇಗ ಕೂರುತ್ತದೆ. ಹದಿನೈದು ದಿನಕ್ಕೊಮ್ಮೆ ಹೊರಗೆ ಕೊಡವಿದರೆ ಸಾಕು. ಲಂಬಾಣಿ ಕಸೂತಿಯನ್ನು ಯಂತ್ರದಲ್ಲಿ ಒಗೆಯಲೇಬಾರದು. ಕನ್ನಡಿಗಳು ಒಡೆಯುತ್ತವೆ, ಬಣ್ಣ ಬಿಡುತ್ತದೆ. ಒಗೆಯಲೇಬೇಕಾದರೆ ಹಿಂಬದಿಯ ಮೂಲೆಯೊಂದನ್ನು ಒದ್ದೆ ಬಿಳಿ ಬಟ್ಟೆಯಿಂದ ಒತ್ತಿ ನೋಡಿ, ಬಣ್ಣ ಅಂಟದಿದ್ದರೆ ಮಾತ್ರ ತಣ್ಣೀರಿನಲ್ಲಿ ಅಂಟುವಾಳದ ನೊರೆಯಿಂದ ಮೆಲ್ಲಗೆ ತೊಳೆದು, ನೆರಳಿನಲ್ಲಿ ಚಪ್ಪಟೆಯಾಗಿ ಹಾಸಿ ಒಣಗಿಸಿ. ಮಳೆಗಾಲದಲ್ಲಿ ಗೋಡೆ ತೇವ ಹಿಡಿಯುವ ಮನೆಗಳಲ್ಲಿ ಕೌದಿಯನ್ನು ಆ ನಾಲ್ಕು ತಿಂಗಳು ಇಳಿಸಿಡಬೇಕು. ಚೆನ್ನಾಗಿ ಬಿಸಿಲು ಕಾಣಿಸಿ, ಆರಿದ ಮೇಲೆ ಒಣ ಬೇವಿನೆಲೆಯ ಜೊತೆ ಹತ್ತಿಯ ಬಟ್ಟೆಯಲ್ಲಿ ಸುತ್ತಿಡಿ, ಪ್ಲಾಸ್ಟಿಕ್ ಚೀಲ ಬೇಡ. ನಡುವೆ ಒಮ್ಮೆ ತೆಗೆದು ಹಳೆಯ ಮಡಿಕೆಯ ಗೆರೆ ತಪ್ಪಿಸಿ ಬೇರೆ ರೀತಿಯಲ್ಲಿ ಮಡಿಸಿ, ಇಲ್ಲವಾದರೆ ಆ ಗೆರೆಯಲ್ಲಿಯೇ ಎಳೆ ಸವೆದು ಬಟ್ಟೆ ಸೀಳುತ್ತದೆ.